ನ್ಯೂರೆಂಬರ್ಗ್‌ನ 600ನೇ ನಂಬರ್ ಕೋರ್ಟ್ ಹಾಲ್: ರಿಟೈರ್ಡ್ ಸ್ಟೆನೋ ಒಬ್ಬಳು ಕಂಡಂತೆ

ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಅಳಿಯ ನ್ಯೂರೆಂಬರ್ಗ್ ಕೋಟೆ ತೋರಿಸುತ್ತೇನೆ ಅಂದ. ನಾನು ಕೋರ್ಟೇ ನೋಡಬೇಕು ಎಂದು ಹಟ ಹಿಡಿದೆ. ತುಮಕೂರು ಕಡೆಯ ಕೋರ್ಟುಗಳಲ್ಲಿ 31 ವರ್ಷ ಸ್ಟೆನೋ ಆಗಿದ್ದವಳಿಗೆ ಇನ್ನೇನು ಚಟ ಇರುತ್ತೆ ಹೇಳಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ನಾಯಕರ ವಿಚಾರಣೆ ನಡೆದ ಹಾಲ್ ಇದು. ಮೇಲಿನ ಮಹಡಿಯಲ್ಲಿ ಮ್ಯೂಸಿಯಂ. ಆರೋಪಿಗಳು ಕೂತಿದ್ದ ಮರದ ಬೆಂಚು ಅಲ್ಲಿದೆ. ನಾನು ಜಾಸ್ತಿ ಹೊತ್ತು ನಿಂತದ್ದು ಅದರ ಮುಂದೆಯೇ, ರುಡಾಲ್ಫ್ ಹೆಸ್‌ನಿಂದಾಗಿ.

ಪಾರ್ಟಿಯಲ್ಲಿ ಹಿಟ್ಲರನ ಡೆಪ್ಯೂಟಿ ಈತ. 1941ರಲ್ಲಿ ಒಬ್ಬನೇ ವಿಮಾನ ಹಾರಿಸಿಕೊಂಡು ಸ್ಕಾಟ್ಲೆಂಡಿಗೆ ಹೋಗಿ ಸಿಕ್ಕಿಬಿದ್ದ. ಆಮೇಲೆ ಏನು ಕೇಳಿದರೂ ನೆನಪಿಲ್ಲ. ಜೊತೆಯ ಆರೋಪಿ, ಇನ್ನೊಬ್ಬ ದೊಡ್ಡ ನಾಜಿ ನಾಯಕ ಗೋರಿಂಗ್‌ನನ್ನು ಎದುರಿಗೆ ತಂದರೂ ಗುರುತು ಹಿಡಿಯಲಿಲ್ಲವಂತೆ. ನಾಲ್ಕು ದೇಶಗಳ ಡಾಕ್ಟರುಗಳು ಪರೀಕ್ಷೆ ಮಾಡಿದರು. 1945ರ ನವೆಂಬರ್ 30ರಂದು ಅವನ ವಕೀಲರು, ಮರೆವಿನವನ ಮೇಲೆ ವಿಚಾರಣೆ ಸಲ್ಲದು ಎಂದು ಸಂಜೆತನಕ ವಾದಿಸಿದರು. ಆಗ ಹೆಸ್ ತಾನೇ ಎದ್ದು, ಮರೆವು ಬರೀ ತಂತ್ರ, ವಕೀಲರಿಗೂ ಹಾಗೇ ನಟಿಸಿದ್ದೆ ಅಂದುಬಿಟ್ಟ. ಪಾಪ ಆ ವಕೀಲರ ಮುಖ!

ನಮ್ಮಲ್ಲಿ 313 ಸ್ಟೇಟ್‌ಮೆಂಟ್ (ಸಾಕ್ಷ್ಯದ ಬಗ್ಗೆ ಜಡ್ಜ್ ಆರೋಪಿಯನ್ನೇ ಕೇಳಿ ಬರೆಸಿಕೊಳ್ಳುವ ಹೇಳಿಕೆ) ಟೈಪ್ ಮಾಡುವಾಗ 'ಗೊತ್ತಿಲ್ಲ', 'ಸುಳ್ಳು' ಎಂದು ಪುಟಗಟ್ಟಲೆ ಹೊಡೆದಿದ್ದೇನೆ. 'ನೆನಪಿಲ್ಲ ಸ್ವಾಮಿ' ಅಂದವರೂ ಬೇಕಾದಷ್ಟು. ಒಬ್ಬರಾದರೂ ಎದ್ದು 'ಅದು ನಾಟಕ' ಅಂದದ್ದು ನಾನಂತೂ ಕೇಳಿಲ್ಲ.

ಮರುದಿನವೇ ಕೋರ್ಟು ವಿಚಾರಣೆ ಮುಂದುವರಿಯಲಿ ಅಂದಿತು. ಕೆಲವು ತಿಂಗಳಲ್ಲಿ ಅವನಿಗೆ ಮತ್ತೆ ಮರೆವು! ಜೀವಾವಧಿ ಆಯಿತು. 1987ರಲ್ಲಿ, 93ನೇ ವಯಸ್ಸಿನಲ್ಲಿ, ಬರ್ಲಿನ್ನಿನ ಜೈಲಿನಲ್ಲೇ ಸತ್ತ. "ನಿಜವಾಗ್ಲೂ ಮರೆತಿದ್ನಾ ಅಮ್ಮ?" ಎಂದು ಮಗಳು ಕೇಳಿದಳು. ಡಾಕ್ಟರುಗಳೇ ಸುಳ್ಳೂ ಇರಬಹುದು, ನಿಜವೂ ಇರಬಹುದು ಎಂಬಂತೆ ಬರೆದಿದ್ದರು, ನಾನೇನು ಹೇಳಲಿ?

ನನಗೆ ಹೊಟ್ಟೆಕಿಚ್ಚಾದದ್ದು ಮಾತ್ರ ಹಳದಿ ಲೈಟ್ ವಿಷಯಕ್ಕೆ. ಹೆಡ್‌ಫೋನಿನಲ್ಲಿ ನಾಲ್ಕು ಭಾಷೆಗಳಿಗೆ ಆಗಿಂದಾಗಲೇ ಅನುವಾದ ಆಗುತ್ತಿತ್ತು. ಯಾರಾದರೂ ಬಡಬಡ ಮಾತಾಡಿದರೆ ಹಳದಿ ಲೈಟ್ ಹತ್ತುತ್ತಿತ್ತು: ನಿಧಾನ. ಕೆಂಪು ಹತ್ತಿದರೆ ನಿಲ್ಲಿಸಿ. ನಮ್ಮ ವಕೀಲರ ಎದುರಿಗೆ ಇಂಥದ್ದೊಂದು ಇದ್ದಿದ್ದರೆ ನನ್ನ ಬೆರಳುಗಳು ಇಷ್ಟು ನೋಯುತ್ತಿರಲಿಲ್ಲ.

ಯು1 ಮೆಟ್ರೋ, ಬೆರೆನ್‌ಶಾಂಝೆ ಸ್ಟೇಷನ್. ಮಂಗಳವಾರ ರಜೆ. ನಿಂತು ಓದುವುದು ಜಾಸ್ತಿ, ಮಂಡಿನೋವು ಇರುವವರು ಬೆಳಗ್ಗೆಯೇ ಹೋಗಿ. ಕೋಟೆ ನೋಡಲು ನಮಗೆ ಟೈಮೇ ಸಿಗಲಿಲ್ಲ. ಅಳಿಯ ಏನೂ ಅನ್ನಲಿಲ್ಲ.