ಕೋಡಿಬಾಗದ ಹಳೆಯ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ

ಹತ್ತು ಹನ್ನೆರಡು ವರ್ಷದ ಡೆಸ್ಕ್‌ಟಾಪನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಕ್ರೂಶಿಯಲ್ ಬಿಎಕ್ಸ್500 ಎಂಬ 240 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕು), 8 ಜಿಬಿ ಡಿಡಿಆರ್3 ಬಗೆಯ ರ‍್ಯಾಮ್ ಮತ್ತು ಒಂದು ಯುಎಸ್‌ಬಿ 3.0 ಕಾರ್ಡ್, ನನ್ನ ಯಂತ್ರಕ್ಕೆ ಸೇರಿಸಿದ್ದು ಇಷ್ಟೇ. ಕೂಲಿಯೂ ಸೇರಿ ಸುಮಾರು ನಾಲ್ಕು ಸಾವಿರ ರೂಪಾಯಿಯಲ್ಲಿ ಕೆಲಸ ಮುಗಿಯಿತು. ಹೊಸ ಯಂತ್ರಕ್ಕೆ ಮೂವತ್ತು ಸಾವಿರದ ಮೇಲೆ ಹೇಳಿದ್ದರು.

ನಾನು ಕಾರವಾರದ ಕೋಡಿಬಾಗದಲ್ಲಿ ಮನೆಯಿಂದಲೇ ಲೆಕ್ಕ ಬರೆಯುವವಳು. ಬೈತಖೋಲ ಬಂದರಿನ ಕೆಲವು ಟ್ರಾಲರ್ ಮತ್ತು ಪರ್ಸೀನ್ (ಮೀನಿನ ಹಿಂಡನ್ನು ಸುತ್ತುವರಿಯುವ ಬಲೆಯ) ಬೋಟುಗಳ ಡೀಸೆಲ್, ಐಸು, ಬಲೆ ರಿಪೇರಿ, ತಾಂಡೇಲರ (ಬೋಟು ನಡೆಸುವವರ) ಮತ್ತು ಖಲಾಸಿಗಳ (ಬೋಟಿನ ಕೆಲಸಗಾರರ) ಪಾಲು ಎಲ್ಲವೂ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಮತ್ತು ಎಕ್ಸೆಲ್‌ನಲ್ಲಿ ಇರುತ್ತದೆ. ಸೀಸನ್ ನಡೆಯುವಾಗ ಕಂಪ್ಯೂಟರನ್ನು ಒಂದು ದಿನವೂ ಬಿಚ್ಚಿ ಇಡಲಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ರಿಪೇರಿಯ ಕೆಲಸಕ್ಕೆ ನನಗೆ ಸಿಗುವುದು ಅದೇ ಬಿಡುವು.

ಯಂತ್ರ ಮೂರನೆಯ ತಲೆಮಾರಿನ ಇಂಟೆಲ್ ಐ3-3220 ಪ್ರೊಸೆಸರಿನದು, ಬೋರ್ಡು ಎಚ್61 ಚಿಪ್‌ಸೆಟ್‌ನದು (ಪ್ರೊಸೆಸರನ್ನು ಡಿಸ್ಕು, ಯುಎಸ್‌ಬಿ ಮುಂತಾದವಕ್ಕೆ ಜೋಡಿಸುವ ಚಿಪ್). ಇದ್ದದ್ದು 4 ಜಿಬಿ ರ‍್ಯಾಮ್ ಮತ್ತು 500 ಜಿಬಿ ಹಾರ್ಡ್ ಡಿಸ್ಕ್. ಸ್ವಿಚ್ ಹಾಕಿದ ಮೇಲೆ ಚಹಾ ಕುದಿಸಿ, ಸೋಸಿ, ಕುಡಿದು ಬಂದರೂ ಡಿಸ್ಕಿನ ಕೆಂಪು ದೀಪ ಆರುತ್ತಿರಲಿಲ್ಲ. ಬೋಟ್ ಮಾಲೀಕರು ಎದುರಿಗೆ ಕುಳಿತು ಬಾಕಿ ಕೇಳುವಾಗ ಪರದೆ ಬೆಳ್ಳಗಾಗಿ ನಿಂತುಬಿಡುವುದನ್ನು ಸಹಿಸುವುದು ಬಹಳ ಕಷ್ಟ.

ಮೊದಲು ವಿಚಾರಿಸಿದ ಅಂಗಡಿಯಲ್ಲಿ, ಈ ಬೋರ್ಡಿನಲ್ಲಿ ಇರುವುದು ಸಾಟಾ 2 (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಹಳೆಯ, ನಿಧಾನದ ಸಂಪರ್ಕ), ಎಸ್‌ಎಸ್‌ಡಿ ಹಾಕಿದರೆ ದುಡ್ಡು ದಂಡ ಎಂದರು. ಈ ಮಾತನ್ನು ಬಹಳ ಜನ ಕೇಳಿರಬಹುದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಎಚ್61 ಚಿಪ್‌ಸೆಟ್‌ನಲ್ಲಿ ಸೆಕೆಂಡಿಗೆ 3 ಗಿಗಾಬಿಟ್‌ನ ಸಾಟಾ ಮಾತ್ರ ಇರುವುದು ನಿಜ. ಬಿಎಕ್ಸ್500 ಸೆಕೆಂಡಿಗೆ 540 ಎಂಬಿವರೆಗೆ ಓದಬಲ್ಲದು, ನನ್ನ ಬೋರ್ಡಿನಲ್ಲಿ ಅದಕ್ಕೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಆದರೆ ಹಳೆಯ ಯಂತ್ರ ತೆವಳುವುದಕ್ಕೆ ಕಾರಣ ಬೇರೆಯೇ ಇದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದೊಂದು ತುಣುಕು ಮಾಹಿತಿಗೂ ತಲೆ ಸರಿಯಾದ ಜಾಗಕ್ಕೆ ಸರಿಯಬೇಕು, ತಟ್ಟೆ ಅಲ್ಲಿಯವರೆಗೆ ತಿರುಗಿ ಬರಬೇಕು. ತಿರುಗುವುದಕ್ಕೇ ಸರಾಸರಿ 4 ಮಿಲಿಸೆಕೆಂಡ್, ತಲೆ ಸರಿಯುವುದಕ್ಕೆ ಇನ್ನೂ 8–9. ಅಂದರೆ ಸೆಕೆಂಡಿಗೆ ಎಂಬತ್ತರ ಆಸುಪಾಸು ತುಣುಕುಗಳನ್ನು ಹುಡುಕುವಷ್ಟರಲ್ಲಿ ಅದರ ಶಕ್ತಿ ಮುಗಿಯುತ್ತದೆ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಫೈಲುಗಳನ್ನು ಕೇಳುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲವಾದ್ದರಿಂದ ಈ ಹುಡುಕಾಟ ಮಿಲಿಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಆಗಿಹೋಗುತ್ತದೆ. ಸಾಟಾ 2 ಇದ್ದರೂ ಆ ಲಾಭಕ್ಕೆ ಕುಂದಿಲ್ಲ. ಈಗ ನಾನು ಕುರ್ಚಿ ಎಳೆದು ಕುಳಿತುಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತದೆ, ಟ್ಯಾಲಿ ಒತ್ತಿದ ಕೂಡಲೇ ತೆರೆಯುತ್ತದೆ.

ಬಿಎಕ್ಸ್500ಕ್ಕೆ ಸ್ವಂತದ ಡಿರ‍್ಯಾಮ್ ಕ್ಯಾಶ್ (ಕೆಲಸ ಚುರುಕುಗೊಳಿಸುವ ತಾತ್ಕಾಲಿಕ ನೆನಪು) ಇಲ್ಲ. ದಿನವಿಡೀ ದೊಡ್ಡ ವಿಡಿಯೋ ಫೈಲು ಬರೆಯುವವರು ಬೇರೆ ಮಾದರಿ ನೋಡುವುದು ಒಳ್ಳೆಯದು. ಲೆಕ್ಕಪತ್ರಕ್ಕೆ, ಮಕ್ಕಳ ಓದಿಗೆ ಇದು ಧಾರಾಳವಾಗಿ ಸಾಕು. ಮೂರು ವರ್ಷದ ವಾರಂಟಿ ಇದೆ. ಎರಡೂವರೆ ಇಂಚಿನ ಈ ಪೆಟ್ಟಿಗೆ ಹಳೆಯ ಕ್ಯಾಬಿನೆಟ್‌ನ ಮೂರೂವರೆ ಇಂಚಿನ ಗೂಡಿಗೆ ಸರಿಯಾಗಿ ಕೂರುವುದಿಲ್ಲ, ಜೊತೆಗೆ ಬ್ರಾಕೆಟ್ ಕೇಳಿ ತೆಗೆದುಕೊಳ್ಳಿ.

ರ‍್ಯಾಮ್ ವಿಷಯದಲ್ಲಿ ಎಚ್ಚರ ಬೇಕು. ನಾನು ಮೊದಲು ತರಿಸಿದ್ದು ಆನ್‌ಲೈನ್‌ನಲ್ಲಿ. ಎಲ್ಲ ಡಿಡಿಆರ್3 ಬೋರ್ಡಿಗೂ ಆಗುತ್ತದೆ ಎಂದು ಮಾರಾಟಗಾರರು ಬರೆದಿದ್ದರು. ಬಂದ ಪೊಟ್ಟಣದ ಸ್ಟಿಕರ್ ಮೇಲೆ ಸಣ್ಣ ಅಕ್ಷರದಲ್ಲಿ ಎಎಂಡಿಗೆ (ಇಂಟೆಲ್‌ನ ಪ್ರತಿಸ್ಪರ್ಧಿ ಪ್ರೊಸೆಸರ್ ಕಂಪನಿ) ಮಾತ್ರ ಎಂದಿತ್ತು! ಅಂಥ ಅಗ್ಗದ ರ‍್ಯಾಮ್‌ಗಳು ಇಂಟೆಲ್ ಬೋರ್ಡಿನಲ್ಲಿ ಏಳುವುದಿಲ್ಲ. ಗ್ರಾಹಕರಿಗೆ ಹೀಗೆ ಮಾಡುವುದು ಅನ್ಯಾಯ. ಹಿಂದಕ್ಕೆ ಕಳಿಸಿ ಹಣ ವಾಪಸು ಪಡೆದೆ. ಎಚ್61ರಲ್ಲಿ ಎರಡು ಸ್ಲಾಟಿದ್ದರೆ 16 ಜಿಬಿವರೆಗೆ ಹಾಕಬಹುದು, ನನಗೆ 8 ಸಾಕಾಯಿತು. ಡಿಡಿಆರ್4 ಕೊಳ್ಳಬೇಡಿ, ಅದರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಸ್ಲಾಟಿಗೆ ಇಳಿಯುವುದೇ ಇಲ್ಲ. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಯ ಮೇಲಿನ ರ‍್ಯಾಮ್ ಬಳಕೆಗೆ ಬರುವುದಿಲ್ಲ ಎಂಬುದನ್ನೂ ನೆನಪಿಡಿ.

ಕೊನೆಗೆ ಕೆಲಸ ಮಾಡಿಕೊಟ್ಟವರು ಕಾಜುಬಾಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಇಟ್ಟುಕೊಂಡಿರುವ ಒಬ್ಬ ಯುವಕರು. ಅವರ ಕೆಲಸವನ್ನು ಎಷ್ಟು ಹೊಗಳಿದರೂ ಕಡಿಮೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಲೇ ಎಂದು ಕೇಳಿದೆ. "ಅಕ್ಕಾ, ನಿಮ್ಮ ಲೆಕ್ಕಕ್ಕೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಕು. ಆ ದುಡ್ಡು ಇಟ್ಟುಕೊಳ್ಳಿ, ಮೊದಲು ಒಳಗಿನ ಕಿಲುಬು ತೆಗೆಯೋಣ" ಎಂದರು.

ಕ್ಯಾಬಿನೆಟ್ ಬಿಚ್ಚಿದಾಗ ತಳದಲ್ಲಿ ಎರಡು ಹಲ್ಲಿ ಮೊಟ್ಟೆಗಳಿದ್ದವು, ಸ್ಕ್ರೂಗಳ ತಲೆ ಕಂದು ಬಣ್ಣಕ್ಕೆ ತಿರುಗಿತ್ತು. ಹಳೆಯ ರ‍್ಯಾಮ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಹೊಂಬಣ್ಣದ ಹಲ್ಲುಗಳ ತುದಿಯಲ್ಲಿ ಕಪ್ಪು ಹಸಿರಿನ ಮಬ್ಬು. ಚಿನ್ನದ ಲೇಪ ಅತ್ಯಂತ ತೆಳುವಾದ್ದರಿಂದ ಅದರ ಸೂಕ್ಷ್ಮ ರಂಧ್ರಗಳಿಂದ ಉಪ್ಪಿನ ತೇವ ಒಳಗಿನ ಲೋಹವನ್ನು ಮುಟ್ಟುತ್ತದೆ. ಕಾಳಿ ನದಿ ಸಮುದ್ರ ಸೇರುವಲ್ಲಿ ವಾಸಿಸುವ ನಮ್ಮಂಥವರ ಯಂತ್ರಗಳು ಕೆಲವೊಮ್ಮೆ ಕಾರಣವಿಲ್ಲದೆ ಬೀಪ್ ಎಂದು ಕೂಗಿ ನಿಲ್ಲುವುದು ಇದರಿಂದಲೇ ಇರಬಹುದು. ಅವರು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿದರು, ಪುಡಿಯನ್ನು ಬ್ರಷ್‌ನಿಂದ ಕೊಡವಿದರು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಟ್ಟರು. ಸ್ಯಾಂಡ್‌ಪೇಪರ್ ಮುಟ್ಟಿಸಿದರೆ ಚಿನ್ನದ ಲೇಪವೇ ಹೋಗುತ್ತದೆ ಎಂದು ಎಚ್ಚರಿಸಿದರು. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು, ಹೊಸದು ಹಚ್ಚಿದರು. ಕಂಪ್ಯೂಟರಿನ ಗಡಿಯಾರ ಹಿಂದೆ ಬೀಳುತ್ತಿದ್ದುದರಿಂದ ಅದನ್ನು ನಡೆಸುವ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿದರು. ಈ ಶುಚಿ ಮಾಡದೆ ಹೊಸ ರ‍್ಯಾಮ್ ಚುಚ್ಚಿದ್ದರೆ ಹೊಸದರ ಮೇಲೆಯೇ ಅನುಮಾನ ಬರುತ್ತಿತ್ತು.

ಹಳೆಯ ವಿಂಡೋಸನ್ನು ನಕಲು ಮಾಡದೆ, ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ) ಎಎಚ್‌ಸಿಐ ಎಂಬ ಡಿಸ್ಕ್ ವಿಧಾನ ಇಟ್ಟು ಹೊಸದಾಗಿ ಹಾಕಿಸಿದೆ. ಹಳೆಯ ಡಿಸ್ಕು ಎರಡನೆಯ ಡ್ರೈವ್ ಆಗಿ ಫೋಟೋಗಳನ್ನು ಹೊತ್ತು ಉಳಿದಿದೆ.

ಯುಎಸ್‌ಬಿ 3.0 ಕಾರ್ಡನ್ನು ಅನೇಕರು ಬೇಡ ಎನ್ನಬಹುದು, ನನಗೆ ಅದು ಅಗತ್ಯವಾಗಿತ್ತು. ಎಚ್61ರಲ್ಲಿ ಹುಟ್ಟಿನಿಂದ ಇರುವುದು ಯುಎಸ್‌ಬಿ 2.0, ಅದರಲ್ಲಿ ಸೆಕೆಂಡಿಗೆ 30 ಎಂಬಿ ಸಾಗಿದರೆ ದೊಡ್ಡದು. 100 ಜಿಬಿ ಬ್ಯಾಕಪ್‌ಗೆ ಒಂದು ಗಂಟೆ ಹಿಡಿಯುತ್ತದೆ. ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಸ್ಲಾಟಿನಲ್ಲಿ ಈ ಕಾರ್ಡ್ ಕೂರಿಸಿದ ಮೇಲೆ ಹೊರಗಿನ ಹಾರ್ಡ್ ಡಿಸ್ಕಿಗೆ ಅಷ್ಟೇ ಮಾಹಿತಿ ಇಪ್ಪತ್ತು ನಿಮಿಷದೊಳಗೆ ಇಳಿಯುತ್ತದೆ. ಬೇರೆಯವರ ಹಣದ ಲೆಕ್ಕ ಕೈಯಲ್ಲಿರುವಾಗ ಬ್ಯಾಕಪ್ ಬೇಸರದ ಕೆಲಸವಾಗಬಾರದು.

ಈ ಖರ್ಚಿನಿಂದ ಆಗದ ಕೆಲಸವೂ ಒಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್ ಬರುವುದು, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಚಿಪ್) ಮತ್ತು ಎಂಟನೆಯ ತಲೆಮಾರು ಅಥವಾ ನಂತರದ ಇಂಟೆಲ್ ಬೇಕೆಂದು ಮೈಕ್ರೋಸಾಫ್ಟ್ ನಿಯಮ ಮಾಡಿದೆ. ಎಷ್ಟು ರ‍್ಯಾಮ್ ಸೇರಿಸಿದರೂ ನನ್ನ ಐ3 ಆ ಪಟ್ಟಿಗೆ ಬರುವುದಿಲ್ಲ. ಆದ್ದರಿಂದ ಬ್ಯಾಂಕಿನ ವ್ಯವಹಾರವನ್ನು ಈ ಯಂತ್ರದಲ್ಲಿ ನಿಲ್ಲಿಸಿ ಮೊಬೈಲಿಗೆ ಬದಲಿಸಿಕೊಂಡಿದ್ದೇನೆ, ಟ್ಯಾಲಿ ಬೇಡದವರು ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು. ಮುಂದಿನ ಮಳೆಗಾಲದ ಬಿಡುವಿನಲ್ಲಿ ನೋಡಬೇಕಾದದ್ದು ಹಳೆಯ ಪವರ್ ಸಪ್ಲೈ. ಅದರ ಫ್ಯಾನ್ ಈಗಲೇ ಸದ್ದು ಮಾಡುತ್ತಿದೆ.