ಮಲಗಿಕೊಂಡು ಹಾರಿಸಿದ ಜೆಟ್ ಕಾಸ್‌ಫರ್ಡ್‌ನಲ್ಲಿದೆ, ತಪ್ಪದೆ ನೋಡಿ

ಎಚ್‌ಎಎಲ್‌ನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು. ಯಾವ ವಿಮಾನ ಕಂಡರೂ ಕಣ್ಣು ಮೊದಲು ಪೈಲಟ್ ಕೂರುವ ಜಾಗಕ್ಕೇ ಹೋಗುತ್ತದೆ. ಬರ್ಮಿಂಗ್‌ಹ್ಯಾಮ್‌ನ ಮಗಳ ಮನೆಗೆ ಬಂದಾಗ ಮೊಮ್ಮಗನ ಜೊತೆ ಕಾಸ್‌ಫರ್ಡ್‌ನ ಆರ್‌ಎಎಫ್ (ಬ್ರಿಟನ್ ವಾಯುಪಡೆ) ಮ್ಯೂಸಿಯಂಗೆ ಹೋದೆ. ಟಿಎಸ್‌ಆರ್-2 ಎಂಬ ಬ್ರಿಟಿಷ್ ಯುದ್ಧವಿಮಾನದ ಮುಂದೆ ಜನ ಜಾಸ್ತಿ ಇದ್ದರು. ನನ್ನ ಕಾಲು ನಿಂತಿದ್ದು ಗ್ಲಾಸ್ಟರ್ ಮೀಟಿಯರ್ ಜೆಟ್ ಡಬ್ಲ್ಯುಕೆ935ರ ಹತ್ತಿರ.

ಇದಕ್ಕೆ ಎರಡು ಕಾಕ್‌ಪಿಟ್. ಹಿಂದಿನದು ಮಾಮೂಲಿ, ಅಪಾಯವಾದರೆ ನೋಡಿಕೊಳ್ಳುವ ಪೈಲಟ್‌ಗೆ. ಮುಂದಿನದು ಉದ್ದನೆಯ ಮೂಗಿನೊಳಗಿದೆ. ಅಲ್ಲಿ ಪೈಲಟ್ ಕೂರುವುದಿಲ್ಲ, ಬೋರಲು ಮಲಗುತ್ತಾನೆ. ಮೈಗೆ ಒಪ್ಪುವ ಹಾಸು, ಗಲ್ಲಕ್ಕೆ ಆಸರೆ, ಬಲಗೈಗೆ ಗಿಡ್ಡನೆಯ ಸ್ಟಿಕ್, ಪೆಡಲ್ ಹಿಂದೆ ಪಾದದ ಹತ್ತಿರ.

"ಯಾಕೆ ತಾತ, ಮಲಗಿದ್ರೆ ನಿದ್ದೆ ಬರಲ್ವಾ?" ಅಂದ ಮೊಮ್ಮಗ. ಚೊಂಬಿಗೆ ಹಗ್ಗ ಕಟ್ಟಿ ಜೋರಾಗಿ ತಿರುಗಿಸಿದರೆ ನೀರು ತಳಕ್ಕೆ ಒತ್ತಿಕೊಳ್ಳುತ್ತದಲ್ಲ, ಹಾಗೇ ಇದು ಅಂದೆ. ಕೂತ ಪೈಲಟ್ ವಿಮಾನವನ್ನು ಜೋರಾಗಿ ಮೇಲೆತ್ತಿದರೆ ತಲೆಯ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಕಟ್ಟುತ್ತದೆ. ಮಲಗಿದರೆ ತಲೆ, ಎದೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ರಕ್ತ ಅಷ್ಟು ಇಳಿಯುವುದಿಲ್ಲ.

ಯುದ್ಧಕಾಲದಲ್ಲೇ ಇದಕ್ಕೆ ಕೈ ಹಾಕಿದ್ದರು. ಜರ್ಮನರ ಹೆನ್‌ಶೆಲ್ ಎಚ್‌ಎಸ್ 132 ಮೇಲಿಂದ ಧುಮುಕಿ ಬಾಂಬ್ ಹಾಕುವ ಜೆಟ್, ಎಂಜಿನ್ ಬೆನ್ನ ಮೇಲೆ. ಹಾರುವ ಮೊದಲೇ 1945ರಲ್ಲಿ ಸೋವಿಯತ್ ಸೇನೆಯ ಕೈಸೇರಿತು. ಅಮೆರಿಕದಲ್ಲಿ ನಾರ್ತ್‌ರಾಪ್ ಕಂಪನಿಯವರು ಎಕ್ಸ್‌ಪಿ-79ಬಿ ಎಂಬ ಜೆಟ್ ಮಾಡಿದರು. 1945ರ ಸೆಪ್ಟೆಂಬರ್ 12ರಂದು ಮುರಾಕ್‌ನ ಒಣ ಕೆರೆಯ ಮೇಲೆ ಅದರ ಮೊದಲ ಹಾರಾಟ. ಸುಮಾರು ಹದಿನೈದು ನಿಮಿಷದ ಮೇಲೆ ವಿಮಾನ ಗಿರಗಿರನೆ ಸುತ್ತತೊಡಗಿತು. ಪೈಲಟ್ ಹ್ಯಾರಿ ಕ್ರಾಸ್ಬಿ ಹೊರಗೆ ಹಾರಿದರು. ಸುತ್ತುತ್ತಿದ್ದ ಅದೇ ವಿಮಾನ ಬಡಿದು ತೀರಿಕೊಂಡರು. ಅದು ಮತ್ತೆ ಹಾರಲೇ ಇಲ್ಲ.

ಅದು ನೆನಪಿದ್ದುದರಿಂದ ಮೀಟಿಯರ್‌ನ ಮೂಗಿನ ಕೆಳಗೆ ಬಗ್ಗಿ ತುಂಬಾ ಹೊತ್ತು ನೋಡಿದೆ. ಮಲಗಿದವನು ಹೊರಗೆ ಬರುವುದು ಹೇಗೆ? ಅವನಿಗೆ ಸೀಟೇ ಇಲ್ಲ, ಇನ್ನು ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟ್ ಎಲ್ಲಿಂದ ಬರಬೇಕು! ಹಿಂದಕ್ಕೆ ಜಾರಿ ಹೊಟ್ಟೆಯಡಿಯ ಬಾಗಿಲಿಂದ ಬೀಳಬೇಕು. ಕೈಲಿ ಸ್ಪ್ಯಾನರ್ ಹಿಡಿದಿದ್ದವನಿಗೆ ಅದು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಮೀಟಿಯರ್‌ಗೆ ಈ ಮಾರ್ಪಾಡು ಮಾಡಿದ್ದು ಆರ್ಮ್‌ಸ್ಟ್ರಾಂಗ್ ವಿಟ್‌ವರ್ತ್ ಕಂಪನಿ. 1954ರ ಫೆಬ್ರವರಿ 10ರಂದು ಮೊದಲು ಹಾರಿತು. ಒಟ್ಟು 99 ಹಾರಾಟ, ಸುಮಾರು 55 ಗಂಟೆ. ಮಲಗಿ ಹಾರಿಸಬಹುದು ಅಂತ ಗೊತ್ತಾಯಿತು, ಆದರೆ ಹಿಂದೆ ನೋಡುವುದು ಕಷ್ಟ. ಅಷ್ಟರಲ್ಲಿ ಕಾಲು, ಹೊಟ್ಟೆ ಬಿಗಿಹಿಡಿಯುವ ಜಿ-ಸೂಟ್ ಬಂದಿತ್ತು. ಇವತ್ತು ಬೆಂಗಳೂರಿನ ವಿಮಾನಪುರದಲ್ಲಿ ವಾಯುಪಡೆ ಪೈಲಟ್‌ಗಳನ್ನು ಸೆಂಟ್ರಿಫ್ಯೂಜ್ ಎಂಬ ಗಿರಗಿರನೆ ತಿರುಗುವ ಯಂತ್ರದಲ್ಲಿ ಸುತ್ತಿಸುವುದೂ ಇದೇ ತೊಂದರೆಯನ್ನು ತಡೆದುಕೊಳ್ಳಲಿ ಅಂತ.

ಪ್ರವೇಶ ಉಚಿತ, ಕಾರ್ ನಿಲ್ಲಿಸಲು ಮಾತ್ರ ದುಡ್ಡು. ಕಾಸ್‌ಫರ್ಡ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಇಡೀ ದಿನ ಇಟ್ಟುಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ಐದು. ಮನೆಗೆ ಬಂದ ಮೇಲೆ ಮೊಮ್ಮಗ ಚಾಪೆ ಮೇಲೆ ಬೋರಲು ಮಲಗಿ, ಗಲ್ಲದಡಿ ದಿಂಬು ಇಟ್ಟು, ಟಿವಿ ಕಡೆ ತಲೆ ಎತ್ತಿದ. ಎರಡೇ ನಿಮಿಷ. "ಕುತ್ತಿಗೆ ನೋಯ್ತಿದೆ ತಾತ" ಅಂತ ಎದ್ದು ಕೂತ.