ಹಿತ್ತಲ ಪೇರಲ ಕಟ್ಟಿಗೆ: ಒಣಗಿಸಿ ನೋಡಿದ ಮೂರು ಬಗೆ

ಹಿತ್ತಲ ಪೇರಲ ಗಿಡದ ಬೇರು ಬಚ್ಚಲ ಪೈಪಿನೊಳಗೆ ಹೊಕ್ಕಿತ್ತು. ಸಂಕ್ರಾಂತಿ ಮುಗಿದ ಮೇಲೆ ಗಿಡ ತೆಗೆಸಲೇಬೇಕಾಯಿತು. ನಮ್ಮವ್ವ ಹಚ್ಚಿದ ಗಿಡ ಅದು. ಕಡಿಯಲು ಬಂದವರು ಒಲೆಗೆ ಒಯ್ಯುತ್ತೇವೆ ಅಂದರು, ನಾನು ಕೊಡಲಿಲ್ಲ. ಪೇರಲ ಕಟ್ಟಿಗೆ ಗಟ್ಟಿ, ನುಣುಪು, ಹಿಡಿಕೆಗೆ ಬಹಳ ಒಳ್ಳೆಯದು. ಅದರಲ್ಲೇ ಅವ್ವನಿಗೊಂದು ಲಟ್ಟಣಿಗೆ ಮಾಡಿಸಬೇಕು ಅಂತ ಮನಸ್ಸಿತ್ತು.

ಕಲಬುರಗಿ ಬಿಸಿಲಿಗೆ ಕಟ್ಟಿಗೆ ಒಣಗುವುದೇನು ದೊಡ್ಡ ಮಾತು ಅನ್ನಿಸುತ್ತದೆ, ಅಲ್ವಾ? ಆದರೆ ಬೇಗ ಒಣಗುವುದೇ ಇಲ್ಲಿ ತೊಂದರೆ. ಐದು ಇಂಚು ದಪ್ಪದ ಬೊಡ್ಡೆಯನ್ನು ಒಂದೂವರೆ ಅಡಿಯ ಆರು ತುಂಡು ಮಾಡಿ, ಎರಡೆರಡನ್ನು ಒಂದೊಂದು ಬಗೆಯಲ್ಲಿ ಇಟ್ಟೆ.

ಮೊದಲ ಎರಡು ಹಾಗೇ ಮಾಳಿಗೆ ಮೇಲೆ, ಬಿಸಿಲಿಗೆ. ಹತ್ತೇ ದಿನಕ್ಕೆ ತುದಿಯಲ್ಲಿ ಕೂದಲೆಳೆಯಂಥ ಗೆರೆ ಬಿತ್ತು. ಹೋಳಿ ಹುಣ್ಣಿಮೆಯ ಬೆನ್ನಿಗೇ ಬರುವ ಇಲ್ಲಿನ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಆ ಗೆರೆಯೊಳಗೆ ನಾಣ್ಯ ತೂರುತ್ತಿತ್ತು. ಎರಡೂ ಒಲೆಗೇ ಹೋದವು.

ಮುಂದಿನ ಎರಡರ ತುದಿಗಳನ್ನು ಕರಗಿಸಿದ ಮೇಣದಲ್ಲಿ ಅದ್ದಿ, ತೊಗಟೆ ಸಮೇತ ಹಿಂದಿನ ಕೋಣೆಯಲ್ಲಿಟ್ಟೆ. ಕಟ್ಟಿಗೆಯ ನೀರು ಮಗ್ಗುಲಿಗಿಂತ ತುದಿಯಿಂದ ಬಹಳ ಬೇಗ ಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ನಡುವೆ ಇನ್ನೂ ಹಸಿ ಇರುತ್ತದೆ, ಅದಕ್ಕೇ ಸೀಳು. ಮೇಣ ಅದನ್ನು ತಡೆಯಿತು. ನಾಲ್ಕು ತಿಂಗಳು ಏನೂ ಆಗಲಿಲ್ಲ. ಮಳೆ ಶುರುವಾದ ಮೇಲೆ ನೋಡಿದರೆ ಒಂದರಲ್ಲಿ ನಡುತಿರುಳಿನಿಂದ ತೊಗಟೆಯವರೆಗೆ ಉದ್ದ ಬಿರುಕು. ಇನ್ನೊಂದರ ಕೆಳಗೆ, ಶಹಾಬಾದ್ ಕಲ್ಲಿನ ನೆಲದ ಮೇಲೆ, ಜೋಳದ ಹಿಟ್ಟು ಚೆಲ್ಲಿದ ಹಾಗೆ ಪುಡಿ. ನುಸಿ ಹಿಡಿದಿತ್ತು. ತೊಗಟೆ ಬಿಟ್ಟದ್ದು ನನ್ನದೇ ತಪ್ಪು.

ಕೊನೆಯ ಎರಡನ್ನು ಉಳಿಸಿದ್ದು ನಮ್ಮ ಓಣಿಯ ಬಡಿಗೇರರ ಮಾತು. “ದುಂಡಗ ಇಟ್ರ ಒಡದೇ ಒಡೀತದ್ರಿ. ನಡು ಸೀಳಿ ಇಡ್ರಿ” ಅಂದಿದ್ದರು. ಕಟ್ಟಿಗೆ ಒಣಗುವಾಗ ಸುತ್ತಳತೆಯಲ್ಲಿ ಕುಗ್ಗುವುದು ಜಾಸ್ತಿ, ತಿರುಳಿನ ಕಡೆಗೆ ಕುಗ್ಗುವುದು ಹೆಚ್ಚೂಕಡಿಮೆ ಅದರ ಅರ್ಧ. ಹಾಗಾಗಿ ದುಂಡು ತುಂಡು ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ತಿರುಳಿಗೆ ಸರಿಯಾಗಿ ಸೀಳಿಟ್ಟರೆ ಕುಗ್ಗಲು ಜಾಗ ಸಿಗುತ್ತದೆ. ಸೀಳಿದೆ, ತೊಗಟೆ ಕೆತ್ತಿದೆ, ತುದಿಗೆ ಮೇಣ ಹಚ್ಚಿದೆ, ಗಾಳಿ ಆಡಲೆಂದು ನಡುನಡುವೆ ಪಟ್ಟಿ ಕೊಟ್ಟು ನೆರಳಲ್ಲಿ ಪೇರಿಸಿದೆ. ತಿಂಗಳಿಗೊಮ್ಮೆ ತೂಕ ಮಾಡಿ ಗೋಡೆ ಮೇಲೆ ಬರೆದೆ. ಒಂದು ಹೋಳು ಶುರುವಿಗೆ 1,900 ಗ್ರಾಂ ಇತ್ತು, ದೀಪಾವಳಿಗೆ 1,210. ಮುಂದಿನ ಎರಡು ತಿಂಗಳೂ ಅಷ್ಟೇ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತಲೇ ಲೆಕ್ಕ. ನಾಲ್ಕು ಹೋಳಿನಲ್ಲಿ ಒಂದು ಸ್ವಲ್ಪ ಡೊಂಕಾಯಿತು, ಒಂದೂ ಒಡೆಯಲಿಲ್ಲ.

ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಅಗಲ ಅರ್ಧ ಹೋಗುತ್ತದೆ ನಿಜ, ಲಟ್ಟಣಿಗೆಗೆ ಎರಡು ಇಂಚು ಸಾಕಲ್ಲ. ಎರಡು ಬೆರಳು ದಪ್ಪದ ಕೊಂಬೆಗಳನ್ನು ಮಾತ್ರ ಸೀಳಲಿಲ್ಲ. ತೊಗಟೆ ತೆಗೆದು ಮೇಣ ಹಚ್ಚಿದ್ದಕ್ಕೇ ಅವು ಚೆನ್ನಾಗಿ ಉಳಿದವು, ಈಗ ಕುರ್ಪಿಗೆ ಹಿಡಿಕೆಯಾಗಿವೆ.

ಎರಡು ಲಟ್ಟಣಿಗೆ ಆದವು. ಒಂದಕ್ಕೆ ಶೇಂಗಾ ಎಣ್ಣೆ, ಒಂದಕ್ಕೆ ಕುಸುಬೆ ಎಣ್ಣೆ ತಿಕ್ಕಿದೆ. ಶೇಂಗಾ ಎಣ್ಣೆ ಒಣಗುವ ಜಾತಿಯಲ್ಲ. ಜಿಗುಟು ಹೋಗಲಿಲ್ಲ, ತಿಂಗಳಿಗೆ ಕಮಟು ವಾಸನೆ ಬಂತು. ಕುಸುಬೆ ಎಣ್ಣೆ ಗಾಳಿ ತಾಗಿ ತಾನೇ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ವಾರಕ್ಕೊಂದರಂತೆ ನಾಲ್ಕು ಕೈ ಕೊಟ್ಟೆ. ನಸುಗೆಂಪು ಬಣ್ಣ ಎದ್ದು ಬಂತು. ಅವ್ವ ಹೋಳಿಗೆ ಮಾಡುವಾಗ ಅದನ್ನೇ ಕೈಗೆ ತಗೋತಾಳೆ. ಅಗಸೆ ಎಣ್ಣೆ ಇನ್ನೂ ಬೇಗ ಒಣಗುತ್ತದೆ, ಆದರೆ ದಿನ ಕಳೆದ ಹಾಗೆ ಹಳದಿಯಾಗುತ್ತದೆ ಅಂತ ಅದನ್ನು ಬಿಟ್ಟೆ.

ಅಗಸೆ, ಕುಸುಬೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ತಾನೇ ಕಾವೇರುತ್ತದೆ, ಅಗಸೆಯದಂತೂ ಬೆಂಕಿಯೇ ಹೊತ್ತಿಕೊಳ್ಳಬಹುದು. ನಾನು ನೀರಲ್ಲಿ ನೆನೆಸಿ, ಹಿತ್ತಲ ಕಲ್ಲಿನ ಮೇಲೆ ಒಂದೇ ಪದರವಾಗಿ ಹಾಸುತ್ತೇನೆ.